ಮೊದಲು ಸಾಹಿತ್ಯವೋ, ಮಟ್ಟೋ?

ಅಮೆರಿಕದ ಸಂಗೀತ ನಾಟಕಗಳ ಗೀತಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಮಟ್ಟಿಗೆ ಪದ ಕೂರಿಸುತ್ತಿದ್ದರೋ, ಪದ ಬರೆದು ಮಟ್ಟು ಹಾಕಿಸುತ್ತಿದ್ದರೋ ಎಂದು ಕೇಳಿದ್ದೀರಿ. ಎರಡೂ ಹೌದು. ಸಂಗೀತಗಾರ ಜೆರೋಮ್ ಕರ್ನ್ ಜೊತೆ, ಅಂದರೆ 1927ರ ‘ಷೋ ಬೋಟ್’ ನಾಟಕದ ಕಾಲದಲ್ಲಿ, ಹೆಚ್ಚಾಗಿ ಮಟ್ಟೇ ಮೊದಲು. ಇನ್ನೊಬ್ಬ ಸಂಗೀತಗಾರ ರಿಚರ್ಡ್ ರಾಜರ್ಸ್ ಜೊತೆ ಸೇರಿದ ಮೇಲೆ ಇದು ತಿರುಗುಮುರುಗಾಯಿತು. ನಾಟಕದ ಮಾತೂ ಹಾಡಿನ ಪದಗಳೂ ಹ್ಯಾಮರ್‌ಸ್ಟೈನ್ ಅವರದೇ ಆದ್ದರಿಂದ, ಪಾತ್ರ ಮಾತು ಬಿಟ್ಟು ಹಾಡಿಗೆ ಯಾವಾಗ ಹೊರಳಬೇಕು ಎಂಬುದನ್ನು ಬರೆಯುವಾಗಲೇ ನಿರ್ಧರಿಸಬಹುದಿತ್ತು.

ರಾಜರ್ಸ್ ಜೊತೆ ಮಾಡಿದ 1943ರ ‘ಒಕ್ಲಹೋಮ!’ ನಾಟಕದ ಮೊದಲ ಹಾಡನ್ನೇ ನೋಡಿ. ಮುಸುಕಿನ ಜೋಳ ಕುದುರೆಯ ಕಣ್ಣಿನೆತ್ತರ ಬೆಳೆದಿದೆ ಎಂದು ಮೊದಲು ಬರೆದಿದ್ದರು. ಪಕ್ಕದ ಹೊಲಕ್ಕೆ ಹೋಗಿ ನೋಡಿದರೆ ಪೈರು ಅದಕ್ಕಿಂತ ಎಷ್ಟೋ ಎತ್ತರ. ಕುದುರೆ ಹೋಯಿತು, ಆನೆ ಬಂತು! ಒಂದೇ ಒಂದು ಸಾಲಿಗಾಗಿ ಹೊಲಕ್ಕಿಳಿದ ಆ ಶ್ರದ್ಧೆ ಕಂಡರೆ ನನಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ. ಆ ಸಾಹಿತ್ಯಕ್ಕೆ ಅವರಿಗೆ ವಾರಗಳೇ ಹಿಡಿದವು. ರಾಜರ್ಸ್ ಕೆಲವೇ ನಿಮಿಷಗಳಲ್ಲಿ ಮಟ್ಟು ಹಾಕಿಬಿಟ್ಟರಂತೆ.

ನೀವೂ ರಂಗಗೀತೆ ಬರೆಯುವವರಾದರೆ, 1949ರಲ್ಲಿ ಬಂದ ಹ್ಯಾಮರ್‌ಸ್ಟೈನ್ ಅವರ ಗೀತಸಂಕಲನಕ್ಕೆ ಅವರೇ ಬರೆದ ಮುನ್ನುಡಿಯನ್ನು ದಯವಿಟ್ಟು ಓದಿ. ಈ ಜೋಳದ ಪ್ರಸಂಗ ಅಲ್ಲೇ ಇದೆ.