ಮೆಗ್ನೀಸಿಯಂ ಉರಿಸಿದ್ಮೇಲೆ ತೂಕ ಯಾಕೆ ಕಮ್ಮಿ ಬರುತ್ತೆ

ಸರ್, 0.24 ಗ್ರಾಂ ಮೆಗ್ನೀಸಿಯಂ ರಿಬ್ಬನ್ ಕ್ರೂಸಿಬಲ್‌ನಲ್ಲಿ (ಬಿಸಿ ತಡೆಯೋ ಚಿಕ್ಕ ಬಟ್ಟಲು) ಉರಿಸಿದ್ರೆ ಲೆಕ್ಕದ ಪ್ರಕಾರ 0.40 ಗ್ರಾಂ ಆಕ್ಸೈಡ್ (ಮೆಗ್ನೀಸಿಯಂ ಆಕ್ಸಿಜನ್ ಜೊತೆ ಸೇರಿ ಆಗೋ ಬಿಳಿ ಪುಡಿ) ಬರ್ಬೇಕು, ಮಗಳಿಗೆ 0.36 ಬಂತು, ತಕ್ಕಡಿ ಸರಿ ಇಲ್ವಾ ಅಂತ ಕೇಳಿದೀರಿ. ತಕ್ಕಡಿದು ತಪ್ಪಿಲ್ಲ ಅನ್ಸುತ್ತೆ. ಮುಚ್ಚಳ ಎತ್ತಿದಾಗ ಬಿಳಿ ಹೊಗೆ ಹೋಗುತ್ತಲ್ಲ, ಅದೇ ಆಕ್ಸೈಡ್ ಪುಡಿ, ಅಷ್ಟು ತೂಕ ಅಲ್ಲೇ ಹೋಯ್ತು. ಇನ್ನೊಂದು ಕಾರಣ ತುಂಬ ಜನ ಮರೆತುಬಿಡ್ತಾರೆ, ಗಾಳೀಲಿ ಸುಮಾರು 78% ಇರೋದು ನೈಟ್ರೋಜನ್, ಅದು ಸಾಮಾನ್ಯವಾಗಿ ಯಾವುದರ ಜೊತೇನೂ ಸುಲಭಕ್ಕೆ ಸೇರಲ್ಲ, ಆದ್ರೆ ಮೆಗ್ನೀಸಿಯಂ ಉರಿಯೋ ಬಿಸಿಗೆ ಅದೂ ಸೇರಿ ನೈಟ್ರೈಡ್ ಆಗುತ್ತೆ, ಪೂರ್ತಿ ನೈಟ್ರೈಡೇ ಆಗಿದ್ರೆ ಸುಮಾರು 0.33 ಗ್ರಾಂ ಅಷ್ಟೇ ಬರೋದು.

ನೈಟ್ರೈಡ್ ಆಗಿದ್ಯಾ ಅಂತ ನೀವೇ ನೋಡ್ಬಹುದು: ಪೂರ್ತಿ ತಣ್ಣಗಾದ್ಮೇಲೆ ಬೂದಿಗೆ ನಾಲ್ಕೈದು ಹನಿ ನೀರು ಹಾಕಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಪೇಪರ್‌ನ ಅದರ ಮೇಲೆ ಹಿಡೀರಿ, ಬೂದಿಗೆ ತಾಕಿಸ್ಬೇಡಿ, ನೈಟ್ರೈಡ್‌ಗೆ ನೀರು ತಾಕಿ ಅಮೋನಿಯಾ ಬಂದು ಪೇಪರ್ ನೀಲಿಗೆ ತಿರುಗುತ್ತೆ, ಮೂಗಿಗೂ ಘಾಟು ಹೊಡೆಯುತ್ತೆ. ಆಮೇಲೆ ಮೆಲ್ಲಗೆ ಒಣಗಿಸಿ ಮತ್ತೆ ಜೋರಾಗಿ ಕಾಯಿಸಿದ್ರೆ ನೈಟ್ರೈಡ್ ಕೂಡ ಆಕ್ಸೈಡ್ ಆಗಿ ತೂಕ 0.40 ಹತ್ರ ಬರುತ್ತೆ.

ಆದ್ರೆ ಉರೀತಿರೋವಾಗ ಮಾತ್ರ ನೀರು ಹಾಕ್ಲೇಬೇಡಿ ಸರ್, ಹೈಡ್ರೋಜನ್ ಹುಟ್ಟಿ ಬೆಂಕಿ ಇನ್ನೂ ಜಾಸ್ತಿ ಆಗುತ್ತೆ, ಒಣ ಮರಳು ಪಕ್ಕದಲ್ಲಿ ಇಟ್ಕೊಳ್ಳಿ, ಆ ಬೆಳಕನ್ನ ಮಗಳು ನೇರವಾಗಿ ನೋಡದ ಹಾಗೆ ನೋಡ್ಕೊಳ್ಳಿ.