ಮಾಗೊಮೆ–ತ್ಸುಮಾಗೊ ಹಳೇ ದಾರಿ: ಜಪಾನಿನ ನಗೋಯಾದಿಂದ ಒಂದೇ ದಿನದಲ್ಲಿ, ಅಮ್ಮನ ಜೊತೆ ನಡೆದು ಬರಬಹುದಾ?

ನವೆಂಬರ್ ಮೊದಲ ವಾರ, ಅರವತ್ತು ದಾಟಿದ ಅಮ್ಮ, ಶುದ್ಧ ಸಸ್ಯಾಹಾರ, ಸಂಜೆಗೆ ನಗೋಯಾಗೆ ವಾಪಸ್. ಇಷ್ಟು ನಿಮ್ಮ ಪ್ರಶ್ನೆಯಲ್ಲಿದೆ. ದಿನಾ ಒಂದು ಗಂಟೆ ವಾಕಿಂಗ್ ಮಾಡುವ ಅಭ್ಯಾಸ ಅವರಿಗಿದ್ದರೆ ಧಾರಾಳವಾಗಿ ಹೋಗಿ. ಇಲ್ಲಿ ಜನ ಎಡವುವುದು ದಾರಿಯಲ್ಲಲ್ಲ, ವಾಪಸ್ ರೈಲಿನ ವೇಳೆಯಲ್ಲಿ ಮತ್ತು ಮಧ್ಯಾಹ್ನದ ಊಟದಲ್ಲಿ.

ಎದೊ (ಈಗಿನ ಟೋಕಿಯೊ) ಮತ್ತು ಕ್ಯೋಟೊ ನಡುವೆ ಬೆಟ್ಟಗಳ ಒಳಗಿಂದ ಹೋಗುತ್ತಿದ್ದ ನಕಾಸೆಂಡೊ ಹೆದ್ದಾರಿಯಲ್ಲಿ 69 ತಂಗುದಾಣದ ಊರುಗಳಿದ್ದವು. ತ್ಸುಮಾಗೊ 42ನೆಯದು, ಮಾಗೊಮೆ 43ನೆಯದು. ಇವೆರಡರ ನಡುವೆ ಸುಮಾರು 8 ಕಿ.ಮೀ. ನಿಂತು ನೋಡುತ್ತಾ ನಡೆದರೆ ಮೂರು ಗಂಟೆ, ಅಮ್ಮನ ಜೊತೆ ಮೂರೂವರೆ ಅಂತಿಟ್ಟುಕೊಳ್ಳಿ.

ಮಾಗೊಮೆಯಿಂದಲೇ ಶುರು ಮಾಡಿ. ಮಾಗೊಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ನಡುವಿನ ಕಣಿವೆದಾರಿ 800ರ ಹತ್ತಿರ, ತ್ಸುಮಾಗೊ 420ರ ಆಸುಪಾಸು. ಈ ಕಡೆಯಿಂದ ಹೊರಟರೆ 200 ಮೀಟರ್ ಏರು, ಆ ಕಡೆಯಿಂದಾದರೆ ಹೆಚ್ಚುಕಮ್ಮಿ ಇದರ ಎರಡರಷ್ಟು. ಆ 200 ಮೀಟರೂ ಬೇಡವೆನಿಸಿದರೆ, ಮಾಗೊಮೆಯಿಂದ ನಾಗಿಸೊ (ತ್ಸುಮಾಗೊಗೆ ಹತ್ತಿರದ ರೈಲು ಸ್ಟೇಷನ್) ಕಡೆಗೆ ಹೋಗುವ ಬಸ್ಸು ಕಣಿವೆದಾರಿಯ ನೆತ್ತಿಯಲ್ಲೇ ನಿಲ್ಲುತ್ತದೆ. ಅಲ್ಲಿ ಇಳಿದರೆ ಮುಂದಿನ ಐದೂವರೆ ಕಿ.ಮೀ. ಬಹುಪಾಲು ಇಳಿಜಾರು. ಮಂಡಿನೋವಿದ್ದವರಿಗೆ ಮಾತ್ರ ಇಳಿಜಾರೇ ಕಷ್ಟ, ಒಂದು ಊರುಗೋಲು ಇರಲಿ.

ನಗೋಯಾದಿಂದ ನಕಾತ್ಸುಗಾವಾಗೆ ‘ಶಿನಾನೊ’ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 50 ನಿಮಿಷ. ಸಾಮಾನ್ಯ ರೈಲಿನಲ್ಲಿ ಒಂದೂಕಾಲು ಗಂಟೆ, ಟಿಕೆಟ್ಟೂ ಅಗ್ಗ. ಸ್ಟೇಷನ್ ಎದುರಿನಿಂದಲೇ ಮಾಗೊಮೆಗೆ ಬಸ್ಸು, ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಹತ್ತು ಗಂಟೆಗೆ ಮಾಗೊಮೆಯಲ್ಲಿರಿ. ಬೀದಿಯ ಕಲ್ಲುಹಾಸು ಕಡಿದಾಗಿ ಏರುತ್ತದೆ, ಇಡೀ ದಿನದ ಸುಸ್ತಾಗಿಸುವ ತುಂಡು ಅದೇ ಇರಬಹುದು. ಮೇಲ್ತುದಿಯ ವೀಕ್ಷಣಾ ಕಟ್ಟೆಯಿಂದ 2,191 ಮೀಟರಿನ ಎನಾ ಬೆಟ್ಟ ಇಡಿಯಾಗಿ ಕಾಣುತ್ತದೆ.

ಆಮೇಲೆ ದಾರಿ ತಪ್ಪುವ ಭಯವಿಲ್ಲ, ಇಂಗ್ಲಿಷಿನಲ್ಲೂ ಫಲಕಗಳಿವೆ. ಕಾರು ರಸ್ತೆಯನ್ನು ಹಲವು ಸಲ ದಾಟಬೇಕು, ತಿರುವುಗಳಲ್ಲಿ ಗಮನವಿರಲಿ. ಅಲ್ಲಲ್ಲಿ ಕಂಬಕ್ಕೆ ಗಂಟೆ ನೇತುಹಾಕಿರುತ್ತಾರೆ. ಗುಡಿಯ ಗಂಟೆ ಅಂದುಕೊಳ್ಳಬೇಡಿ, ಅದು ಕರಡಿಗೆ ಸುಳಿವು ಕೊಡುವುದಕ್ಕೆ. ಸಿಕ್ಕ ಪ್ರತಿಯೊಂದನ್ನೂ ಬಾರಿಸಿಯೇ ಮುಂದೆ ಹೋಗಿ. ಕರಡಿ ಎದುರಾಗುವುದು ಅಪರೂಪ, ಆದರೆ ಗಂಟೆ ಅಲಂಕಾರಕ್ಕೆ ಕಟ್ಟಿದ್ದಲ್ಲ.

ನೆತ್ತಿ ದಾಟಿ ಇಪ್ಪತ್ತು–ಇಪ್ಪತ್ತೈದು ನಿಮಿಷ ಇಳಿದರೆ ಹಳೇ ಮರದ ಚಹಾಮನೆ. ಒಳಗೆ ನೆಲದಲ್ಲೇ ಚೌಕದ ಒಲೆ, ಮೇಲಿಂದ ಕೊಕ್ಕೆಗೆ ತೂಗುಬಿಟ್ಟ ಕೆಟಲ್, ಹೊಗೆ ಹಿಡಿದು ಕಪ್ಪಾದ ತೊಲೆಗಳು. ಹಸಿರು ಚಹಾ ಪುಕ್ಕಟೆ, ಪಕ್ಕದ ಡಬ್ಬಿಗೆ ಮನಸ್ಸಿಗೆ ಬಂದಷ್ಟು ಹಾಕಬಹುದು. ನನ್ನ ಲೆಕ್ಕದಲ್ಲಿ ಇಡೀ ದಾರಿಯ ಅತ್ಯುತ್ತಮ ಜಾಗ ಇದು, ಅರ್ಧ ಗಂಟೆ ಇಲ್ಲಿಗೇ ಮೀಸಲಿಡಿ. ಸುತ್ತಲಿನ ಹಿನೊಕಿ (ಜಪಾನಿನ ಸೈಪ್ರೆಸ್ ಮರ) ಕಾಡನ್ನೂ ನೋಡಿ. ಈ ಕಿಸೊ ಕಣಿವೆಯಲ್ಲಿ ಎದೊ ಕಾಲದಲ್ಲಿ (1603–1868) ಐದು ಜಾತಿಯ ಮರ ಕಡಿಯುವಂತಿರಲಿಲ್ಲ. ‘ಒಂದು ಮರಕ್ಕೆ ಒಂದು ತಲೆ’, ಅಂದರೆ ಮರ ಕಡಿದರೆ ತಲೆದಂಡ, ಎಂಬ ಮಾತು ಆಗಿನದು. ಇನ್ನೂ ಕೆಳಗೆ ಗಂಡು–ಹೆಣ್ಣು ಎಂದು ಕರೆಯುವ ಜೋಡಿ ಜಲಪಾತಗಳಿವೆ, ಸಣ್ಣವು. ಮಳೆ ಬಿದ್ದಿದ್ದರೆ ಕಾಡಿನ ಕಲ್ಲುಹಾಸು ಪಾಚಿಗೆ ಜಾರುತ್ತದೆ. ಸವೆದ ಅಟ್ಟೆಯ ಶೂ ಬೇಡವೇ ಬೇಡ.

ಊಟದ ವಿಷಯ. ಸೋಬಾ ನೂಡಲ್ಸ್‌ಗೆ ‘ಮಾಂಸ ಇಲ್ಲ’ ಅನ್ನುತ್ತಾರೆ, ಸುಳ್ಳಲ್ಲ. ಆದರೆ ಅದರ ಸಾರು ಸಾಮಾನ್ಯವಾಗಿ ಕತ್ಸುವೊ ಎಂಬ ಒಣಮೀನಿನದು. ತಣ್ಣನೆ ಸೋಬಾ ಜೊತೆ ಅದ್ದಿಕೊಳ್ಳಲು ಕೊಡುವ ರಸವೂ ಅದೇ. ‘ಕತ್ಸುವೊ ಹೈತ್ತೆ ಇಮಾಸ್ ಕಾ?’ (ಕತ್ಸುವೊ ಹಾಕಿದ್ದೀರಾ?) ಎಂದು ಕೇಳಿ. ಅನ್ನ ಅರೆದು ಕಡ್ಡಿಗೆ ಮೆತ್ತಿ, ಅಕ್ರೋಟು–ಎಳ್ಳು–ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸವರಿ ಸುಡುವ ಗೊಹೆಯಿ ಮೋಚಿ ಸಾಮಾನ್ಯವಾಗಿ ನಡೆಯುತ್ತದೆ, ಆದರೂ ಅಲ್ಲಿಯೂ ಇದೇ ಪ್ರಶ್ನೆ ಕೇಳಿಬಿಡಿ. ನಕಾತ್ಸುಗಾವಾದ ಕುರಿ ಕಿಂತೊನ್ ಬೇಯಿಸಿದ ಚೆಸ್ಟ್‌ನಟ್ ಮತ್ತು ಸಕ್ಕರೆಯ ಸಿಹಿ, ನೀವು ಹೋಗುವುದು ಅದರ ಕಾಲದಲ್ಲೇ. ಊರಿಂದ ತಂದ ಗೊಜ್ಜವಲಕ್ಕಿ ಇದ್ದರೆ ಒಂದು ಡಬ್ಬಿ ಬ್ಯಾಗಿಗೆ ಸೇರಿಸಿ. ದಾರಿಯಲ್ಲಿ ಕಸದ ಬುಟ್ಟಿ ಹುಡುಕಬೇಡಿ, ಖಾಲಿ ಕವರ್ ನಿಮ್ಮ ಜೊತೆಗೇ ವಾಪಸ್. ನಗದು ಯೆನ್ ಇರಲೇಬೇಕು.

ತ್ಸುಮಾಗೊ ಊರು ನೋಡುವುದಕ್ಕೆ ಒಂದೂವರೆ ಗಂಟೆ ಬೇಕು. ಮಾಗೊಮೆ 1895 ಮತ್ತು 1915ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ ಊರು. ತ್ಸುಮಾಗೊದಲ್ಲಿ ಮನೆಗಳು ಉಳಿದಿರುವುದಕ್ಕೆ ಕಾರಣ, ‘ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು’ ಎಂದು ಊರವರೇ 1971ರಲ್ಲಿ ಮಾಡಿಕೊಂಡ ಕಟ್ಟುಪಾಡು. ಒಂದೇ ಒಂದು ಕಟ್ಟಡಕ್ಕೆ ಟಿಕೆಟ್ ಕೊಳ್ಳುವುದಾದರೆ 1877ರ ವಾಕಿ-ಹೊಂಜಿನ್ (ಗಣ್ಯ ಪ್ರಯಾಣಿಕರ ಎರಡನೇ ದರ್ಜೆಯ ತಂಗುಮನೆ) ಒಕುಯಾ. ಒಲೆಯ ಕೋಣೆಯಲ್ಲಿ ಜಾಲಂದರದಿಂದ ಬಿಸಿಲಿನ ಪಟ್ಟೆಗಳು ಹೊಗೆಯೊಳಗೆ ಓರೆಯಾಗಿ ಇಳಿಯುವುದನ್ನು ನೋಡಬೇಕು.

ಇನ್ನು ವಾಪಸಾತಿ. ಹತ್ತಿರದ ಸ್ಟೇಷನ್ ನಾಗಿಸೊ, ಬಸ್ಸಿನಲ್ಲಿ ಹತ್ತು ನಿಮಿಷ, ನಡೆದರೆ ಮೂರೂವರೆ ಕಿ.ಮೀ. ಶಿನಾನೊ ಅಲ್ಲಿ ಎಲ್ಲ ಹೊತ್ತೂ ನಿಲ್ಲುವುದಿಲ್ಲ, ಲೋಕಲ್ ತಪ್ಪಿದರೆ ಇನ್ನೊಂದಕ್ಕೆ ಎರಡು ಗಂಟೆ ಕಾಯುವಂತಾಗಬಹುದು. ನವೆಂಬರಿನಲ್ಲಿ ಐದರೊಳಗೆ ಸೂರ್ಯ ಮುಳುಗುತ್ತಾನೆ, ಅಷ್ಟರಲ್ಲಿ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಹಾಗಾಗಿ ಬೆಳಿಗ್ಗೆಯೇ ನಾಗಿಸೊದ ರೈಲು ಗೊತ್ತುಮಾಡಿ, ಅದಕ್ಕೆ ಹೊಂದುವ ಬಸ್ಸು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಚಹಾಮನೆಯಿಂದ ಎಷ್ಟಕ್ಕೆ ಏಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.