ಇಂಜಿನ್ ಆಮೇಲೆ ಕೇಳಿ, ಮೊದಲು ಬ್ರೇಕ್ ತೋರಿಸಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಹಳೇ ಗಾಡಿಯನ್ನು ಮನೆಯಲ್ಲೇ ಹಾಟ್ ರಾಡ್ (ಭಾರ ಇಳಿಸಿ, ಇಂಜಿನ್ ಬಲ ಏರಿಸಿ ಮಾಡಿದ ವೇಗದ ಗಾಡಿ) ಮಾಡಬಹುದಾ? ಊರು ಬೇರೆ, ಗಾಡಿ ಬೇರೆ, ಕೇಳೋದು ಮಾತ್ರ ಅದೇ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತಿದ್ದೇನೆ. ಜಾಕ್ ಎಲ್ಲಿ ಕೊಡಬೇಕು, ಸ್ಟ್ಯಾಂಡ್ ಇಲ್ಲದೆ ಗಾಡಿ ಕೆಳಗೆ ಯಾಕೆ ತೂರಬಾರದು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಅಜ್ಜನ ಕಾಲದ ವಿಲ್ಲಿಸ್ ಜೀಪ್ ಕಾಫಿ ಗೋಡೌನಿನಲ್ಲಿ ಸುಮ್ನೆ ನಿಂತಿದೆ. ಮನೆ ಶೆಡ್ಡಿನಲ್ಲೇ ಅದನ್ನು ಹಾಟ್ ರಾಡ್ ಮಾಡುವ ಆಸೆ. ಗುಜರಿಯಲ್ಲಿ 2.5 ಲೀಟರಿನ ಟರ್ಬೊ ಡೀಸೆಲ್ ಇಂಜಿನ್ ಸಿಕ್ಕಿದೆ. ಕೂರುತ್ತಾ? (ಸಿದ್ದಾಪುರದ ಓದುಗರು)

ಕೂರುತ್ತದೆ. ವೆಲ್ಡಿಂಗ್ ಮಿಷನ್ ಮತ್ತು ಹಟ ಎರಡೂ ಇದ್ದರೆ ಯಾವ ಇಂಜಿನ್ ಬೇಕಾದರೂ ಯಾವ ಚಾಸಿಸ್ ಮೇಲೆ ಬೇಕಾದರೂ ಕೂರುತ್ತದೆ. ನಿಮ್ಮ ಪತ್ರ ಎರಡು ಪುಟ ಇದೆ. ಟರ್ಬೊ ಇದೆ, ಅಗಲ ಟೈರ್ ಇದೆ, ಬಣ್ಣ ಕೂಡ ಇದೆ. ಬ್ರೇಕ್ ಅನ್ನುವ ಪದ ಒಂದು ಸಲವೂ ಇಲ್ಲ. ನನಗೆ ಸಿಟ್ಟು ಬರೋದೇ ಅಲ್ಲಿ.

ಹಾಟ್ ರಾಡ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಅಲ್ಲಿನ ಹುಡುಗರು ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಬಿಚ್ಚಿ, ಭಾರ ಇಳಿಸಿ, ಮ್ಯೂರಾಕ್‌ನಂಥ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಮೈಲಿಗಟ್ಟಲೆ ಸಪಾಟು ನೆಲ. ಎಕ್ಸಲೇಟರ್ ಬಿಟ್ಟರೆ ಗಾಡಿ ತಾನಾಗಿ ನಿಲ್ಲುತ್ತದೆ. ಅವರಿಗೂ ಬ್ರೇಕಿನ ಬೆಲೆ ಗೊತ್ತಿತ್ತು. 1932ರ ಫೋರ್ಡ್ ವಿ-8 ಕಾರಿನ ಬ್ರೇಕಿಗೆ ಆಯಿಲ್ಲೇ ಇರಲಿಲ್ಲ, ಎಲ್ಲ ಕಬ್ಬಿಣದ ಕಡ್ಡಿ ಎಳೆದು ಹಿಡಿಯುವ ವ್ಯವಸ್ಥೆ. 1939ರಲ್ಲಿ ಫೋರ್ಡ್ ಹೈಡ್ರಾಲಿಕ್ ಬ್ರೇಕ್ ತಂದಿತು. ಆಮೇಲೆ ಅದನ್ನು ಬಿಚ್ಚಿ ತಂದು ಹಳೇ ಗಾಡಿಗೆ ಹಾಕೋದು ಅವರಲ್ಲಿ ಮಾಮೂಲಿ ಕೆಲಸವಾಯಿತು. ನಮ್ಮ ಕೊಡಗಿನಲ್ಲಿ ಸಪಾಟು ಅಂತ ಇರೋದು ಕಾಫಿ ಕಣ ಒಂದೇ. ನೀವು ಓಡಿಸೋದು ಘಾಟಿಯಲ್ಲಿ, ಅದೂ ಮಳೆಯಲ್ಲಿ.

ಒಂದು ಲೆಕ್ಕ ನೋಡಿ. ಮಡಿಕೇರಿಯಿಂದ ಕರಾವಳಿಗೆ ಇಳಿದರೆ ಸಾವಿರ ಮೀಟರಿಗೂ ಜಾಸ್ತಿ ಇಳಿದ ಹಾಗೆ. ಒಂದೂವರೆ ಟನ್ ಗಾಡಿ ಸಾವಿರ ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕು ಯೂನಿಟ್ ಕರೆಂಟಿಗೆ ಸಮ. ಎರಡು ಕಿಲೋವ್ಯಾಟ್ ಗೀಸರ್ ಎರಡು ಗಂಟೆ ಉರಿದಷ್ಟು. ಅದರಲ್ಲಿ ಸ್ವಲ್ಪ ಗಾಳಿ ನುಂಗುತ್ತದೆ, ಸ್ವಲ್ಪ ಇಂಜಿನ್ ಹಿಡಿಯುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೋಗಬೇಕಾದದ್ದು ವಿಲ್ಲಿಸ್‌ನ ಆ 9 ಇಂಚಿನ ಬ್ರೇಕ್ ಡ್ರಮ್ಮುಗಳ ಮೂಲಕ. ಆ ಡ್ರಮ್ ಮಾಡಿದ್ದು ಸುಮಾರು 70 ಎಚ್‌ಪಿಯ, ನಿಧಾನದ ಗಾಡಿಗೆ. ನೀವು ವೇಗ ಎರಡು ಪಟ್ಟು ಮಾಡಿದರೆ ನಿಲ್ಲಿಸುವ ಕೆಲಸ ನಾಲ್ಕು ಪಟ್ಟಾಗುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹುಡುಗನಾಗಿದ್ದಾಗ ನಾನೂ ಒಂದು ಜೀಪಿಗೆ ದೊಡ್ಡ ಡೀಸೆಲ್ ಇಂಜಿನ್ ಕೂರಿಸಿ, ತೋರಿಸಿಕೊಳ್ಳಲು ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿದೆ. ಸಣ್ಣ ಮಳೆ. ಮೊದಲು ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ಎರಡು ತಿರುವು ಕಳೆದ ಮೇಲೆ ಪೆಡಲ್ ಬೆಣ್ಣೆಯ ಹಾಗಾಯಿತು. ಇನ್ನೊಂದು ತಿರುವಿನಲ್ಲಿ ಕಾಲು ಸೀದಾ ಫ್ಲೋರ್ ಮುಟ್ಟಿತು. ಗೇರ್ ಇಳಿಸಿ, ಗಾಡಿಯ ಪಕ್ಕವನ್ನು ರಸ್ತೆ ಬದಿಯ ಮಣ್ಣಿನ ಬರೆಗೆ ಒರೆಸಿ ನಿಲ್ಲಿಸಿದೆ. ಮಡ್‌ಗಾರ್ಡ್ ಹೋಯಿತು, ಜೀವ ಉಳಿಯಿತು. ಇಂಜಿನ್ ಕೂರಿಸಿದ್ದು ನಾನೇ, ಬ್ರೇಕ್ ಮುಟ್ಟದೆ ಬಿಟ್ಟದ್ದೂ ನಾನೇ. ಬೈಯಲು ಬೇರೆ ಯಾರೂ ಇರಲಿಲ್ಲ.

ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೆ 205 ಡಿಗ್ರಿವರೆಗೆ ಕುದಿಯಬಾರದು. ನೀರು ಎಳೆದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಪೈಪಿನೊಳಗೆ ಆವಿ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ಚಕ್ರದಲ್ಲಿ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರನ್ನು ತಳ್ಳುವುದಿಲ್ಲ. ಉಪ್ಪಿನ ಡಬ್ಬಿ ನೀರಾಗುವ ಊರು ನಮ್ಮದು. ಇಲ್ಲಿ ಆಯಿಲ್ ಬದಲಿಸದೆ ಹತ್ತು ವರ್ಷ ಓಡಿಸುವವರನ್ನು ನೋಡಿದ್ದೇನೆ. ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಪೂರ್ತಿ ತೆಗೆದು ಹೊಸದು ಹಾಕುತ್ತೇನೆ. ಇದು ಅತಿಯಾಯಿತು ಅಂತ ನಗುವವರು ನಗಲಿ. ಇನ್ನು, ಆಯಿಲ್ ಅಂತ ಹೆಸರಿದೆ ಅಂತ ಅದಕ್ಕೆ ಇಂಜಿನ್ ಆಯಿಲ್ ಸುರಿಯುವ ಪಂಡಿತರೂ ಇದ್ದಾರೆ. ಒಳಗಿನ ರಬ್ಬರ್ ಬಕೆಟ್ (ಸೀಲ್) ಉಬ್ಬಿ ಬ್ರೇಕ್ ಜಾಮ್ ಆಗುತ್ತದೆ. ಅಂಥವರ ಹತ್ತಿರ ಗಾಡಿ ಬಿಡಬೇಡಿ.

ಈಗ ನಿಮ್ಮ ಜೀಪಿಗೆ ಬರೋಣ. ಹಳೇ ಜೀಪಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಒಂಟಿ. ನಾಲ್ಕು ಚಕ್ರಕ್ಕೂ ಒಂದೇ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಹಾಗಾಗಿ ಮೊದಲ ಖರ್ಚು ಟ್ಯಾಂಡಮ್ ಮಾಸ್ಟರ್ ಸಿಲಿಂಡರಿಗೆ: ಮುಂದಿನ ಎರಡು ಚಕ್ರಕ್ಕೆ ಒಂದು ಲೈನ್, ಹಿಂದಿನ ಎರಡಕ್ಕೆ ಇನ್ನೊಂದು. ಆಮೇಲೆ ಮುಂದಕ್ಕೆ ಡಿಸ್ಕ್. ಇಲ್ಲೊಂದು ಸೂಕ್ಷ್ಮ ಇದೆ, ತುಂಬಾ ಜನ ಎಡವುವುದು ಇಲ್ಲೇ. ಡ್ರಮ್ಮಿಗೆ ಮಾಡಿದ ಮಾಸ್ಟರ್ ಸಿಲಿಂಡರ್ ಒಳಗೆ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದೇ ಸಿಲಿಂಡರ್ ಡಿಸ್ಕಿಗೆ ಜೋಡಿಸಿದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಲೇ ಇರುತ್ತದೆ. ಮಾಲು ಹೊಸದು, ಆದರೂ ಡಿಸ್ಕ್ ಕೆಂಡ. ಹಾಗಂತ ವಾಲ್ವ್ ಪೂರ್ತಿ ತೆಗೆದರೂ ಆಗದು. ಜೀಪಿನಲ್ಲಿ ಸಿಲಿಂಡರ್ ಇರುವುದು ಫ್ಲೋರಿನ ಕೆಳಗೆ, ಡಿಸ್ಕಿನ ಪ್ಯಾಡ್ ಒತ್ತುವ ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಆಯಿಲ್ ವಾಪಸ್ ಇಳಿದುಬಿಡುತ್ತದೆ, ಮೊದಲ ಒತ್ತು ಖಾಲಿ ಹೋಗುತ್ತದೆ. ಡಿಸ್ಕಿನ ಲೈನಿಗೆ 2 ಪಿಎಸ್‌ಐ ವಾಲ್ವ್, ಹಿಂದಿನ ಡ್ರಮ್ ಲೈನಿಗೆ 10. ಹಿಂದಿನ ಲೈನಿಗೆ ಒತ್ತಡ ಹೆಚ್ಚುಕಡಿಮೆ ಮಾಡುವ ವಾಲ್ವೂ ಇರಲಿ. ಒದ್ದೆ ರಸ್ತೆಯಲ್ಲಿ ಮುಂದಿನದಕ್ಕಿಂತ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಬುಗುರಿಯ ಹಾಗೆ ತಿರುಗುತ್ತದೆ.

ಬ್ರೇಕ್ ಲೈನಿಗೆ ಸ್ಟೀಲ್ ಪೈಪ್ ಹಾಕಿ, ತುದಿಗೆ ಡಬಲ್ ಫ್ಲೇರ್ ಮಾಡಿಸಿ, ಅಂದರೆ ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಿಸುವುದು. ಫ್ರಿಜ್ ರಿಪೇರಿಗೆ ಬಳಸುವ ತಾಮ್ರದ ಪೈಪ್ ಸುಲಭವಾಗಿ ಬಾಗುತ್ತದೆ ಅಂತ ಅದನ್ನು ಎಳೆಯಬೇಡಿ. ಅದುರಿ ಅದುರಿ ತಾಮ್ರ ಗಡುಸಾಗುತ್ತದೆ, ಒಂದು ದಿನ ಸೀಳುತ್ತದೆ.

ಡೀಸೆಲ್ ಅಂತ ಬೇರೆ ಹೇಳಿದ್ದೀರಿ. ಪೆಟ್ರೋಲ್ ಇಂಜಿನ್ ಎಕ್ಸಲೇಟರ್ ಬಿಟ್ಟ ಕೂಡಲೇ ಗಾಳಿಯ ದಾರಿ ಮುಚ್ಚಿ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ಲಿಗೆ ಆ ಹಿಡಿತ ಕಡಿಮೆ. ಅಂದರೆ ಇಳಿಜಾರಿನಲ್ಲಿ ಬ್ರೇಕಿನ ಪಾಲು ಇನ್ನೂ ಜಾಸ್ತಿ. ಪೆಡಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ನಡೆಯುವುದು ವ್ಯಾಕ್ಯೂಮಿನಿಂದ. ಅದನ್ನು ಹಾಕುವುದಾದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್‌ನೇಟರನ್ನೇ ಇಂಜಿನ್ ಜೊತೆ ಕೇಳಿ ತನ್ನಿ. ಗುಜರಿಯವರು ಅದನ್ನು ಬಿಚ್ಚಿ ಬೇರೆ ಮಾರುತ್ತಾರೆ, ಎಚ್ಚರ.

ಇಷ್ಟೆಲ್ಲ ಮಾಡಿದ ಮೇಲೂ ವೇಗ ಸಿಗುತ್ತಾ? ನಿಮ್ಮ ಹೌಸಿಂಗ್ ರೇಷಿಯೊ (ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಇಂಜಿನ್ ತಿರುಗುವ ಸುತ್ತು) 5.38 ಆಗಿದ್ದರೆ ಟಾಪ್ ಗೇರಿನಲ್ಲಿ, ಮಾಮೂಲಿ 28 ಇಂಚಿನ ಟೈರಿನಲ್ಲಿ, ಇಂಜಿನ್ 3,000 ಸುತ್ತು ತಿರುಗಿದಾಗ ಗಾಡಿ ಹೋಗುವುದು 75 ಕಿಲೋಮೀಟರ್ ಆಸುಪಾಸು. ಇಂಜಿನ್ ಯಾವುದಾದರೂ ಈ ಲೆಕ್ಕ ಬದಲಾಗದು. ಟರ್ಬೊದ ಎಳೆತಕ್ಕೆ ಹಳೇ ಮೂರು ಗೇರಿನ ಬಾಕ್ಸ್ ಎಷ್ಟು ದಿನ ತಡೆಯುತ್ತದೆ ಅಂತ ನೀವೇ ಯೋಚಿಸಿ. ನನ್ನ ಕೇಳಿದರೆ, ಅಜ್ಜನ ಇಂಜಿನ್ನನ್ನೇ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ), ಬ್ರೇಕ್ ಮೇಲಿನ ಹಾಗೆ ಮಾಡಿ, ಮಡ್‌ಗಾರ್ಡ್ ಬಿಚ್ಚುವ ಆಸೆಯನ್ನು ಎಸ್ಟೇಟ್ ಗೇಟಿನ ಒಳಗೇ ತೀರಿಸಿಕೊಳ್ಳಿ.

ಹಾಟ್ ರಾಡ್ ಮಾಡಿದ ಮೇಲೆ ಅದಕ್ಕೆ ವಿಂಟೇಜ್ ನಂಬರ್ ಸಿಗುತ್ತಾ? (ಮಡಿಕೇರಿ)

ಜುಟ್ಟಿಗೂ ಆಸೆ, ಬೋಳಿಗೂ ಆಸೆ! 2021ರ ನಿಯಮದ ಪ್ರಕಾರ ವಿಂಟೇಜ್ ಅಂದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿ. ಚಾಸಿಸ್, ಬಾಡಿ, ಇಂಜಿನ್ ಮಾರ್ಪಾಡಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಸಿಕ್ಕರೂ ದಿನಾ ಓಡಿಸುವ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ ಅಂತ ಮಾತ್ರ. ಇನ್ನು ಕೊಡಗಿನ ಕೆಎ-12 ಮಾಮೂಲಿ ನಂಬರಿನಲ್ಲೇ ಇರುತ್ತೇನೆ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಓ ಒಪ್ಪಿಗೆ, ಆಮೇಲೆ ಸ್ಪ್ಯಾನರ್. "ನಾವು ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಂಬಾಸಿಡರ್ ಟಾಪ್ ಕತ್ತರಿಸಿ ನಾಲ್ಕು ಇಂಚು ತಗ್ಗಿಸಬಹುದಾ? ಇಲ್ಲಾ ಪೂರ್ತಿ ತೆಗೆಯಲಾ? (ವಿರಾಜಪೇಟೆ)

ಜೀಪಿನ ಕೆಳಗೆ ಏಣಿಯಂಥ ಚಾಸಿಸ್ ಇದೆ, ಮೇಲಿನ ತಗಡು ಬರೀ ಅಂಗಿ. ಅಂಬಾಸಿಡರಿಗೆ ಬಾಡಿಯೇ ಚಾಸಿಸ್. ಟಾಪ್ ಪೂರ್ತಿ ತೆಗೆದರೆ ನಡು ಮುರಿದ ಹಾಗೆ. ಸ್ವಲ್ಪ ದಿನಕ್ಕೆ ಬಾಗಿಲು ಹಾಕಲು ಬರುವುದಿಲ್ಲ. ತಗ್ಗಿಸಲೇಬೇಕು ಅಂದರೆ ಒಳ್ಳೆಯ ಟಿಂಕರ್ ಬೇಕು, ಅಂಥವರು ಈಗ ಬೆರಳೆಣಿಕೆ. ನನ್ನ ಅಭಿಪ್ರಾಯ: ಬೇಡ.

ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಬರುತ್ತಂತೆ? (ಕುಶಾಲನಗರ)

ತಾಯತ ಕಟ್ಟಿ, ಇನ್ನೂ ಅಗ್ಗ.

ಜಿಐ (ಸತು ಲೇಪದ) ಪೈಪಿನಲ್ಲಿ ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಗೂಡು) ಮಾಡಬಹುದಾ? (ಗೋಣಿಕೊಪ್ಪ)

ತರಕಾರಿ ಚಪ್ಪರ ಮಾಡಿ. ರ್‍ಯಾಲಿ ಗಾಡಿಗಳ ಮುಖ್ಯ ಬಳೆಗೆ ಸೀಮ್ ಇಲ್ಲದ ಸ್ಟೀಲ್ ಪೈಪ್, 45 ಮಿಮೀ ಅಗಲಕ್ಕೆ ಎರಡೂವರೆ ಮಿಮೀ ದಪ್ಪ ಇರಬೇಕು ಅಂತ ಲೆಕ್ಕ. ಜಿಐ ಮೇಲೆ ವೆಲ್ಡ್ ಮಾಡಿದರೆ ಸತುವಿನ ಹೊಗೆ ಕುಡಿದು ರಾತ್ರಿ ಚಳಿಜ್ವರ ಬೇರೆ.

ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಕೆಲಸ ಕಡಿಮೆ. ಆಗ ಪೇಂಟ್ ಹೊಡೆಯಲಾ? (ನಾಪೋಕ್ಲು)

ಗಾಳಿಯಲ್ಲಿ ಅಷ್ಟು ನೀರಿರುವಾಗ ಪೇಂಟ್ ಮಂಜು ಮುಸುಕಿದ ಹಾಗೆ ಬೆಳ್ಳಗಾಗುತ್ತದೆ. ಕಕ್ಕಡದಲ್ಲಿ ಮದ್ದುಸೊಪ್ಪಿನ ಪಾಯಸ ತಿಂದು ಬ್ರೇಕ್ ಬಿಚ್ಚಿ. ಪೇಂಟ್ ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತುವವರು ಮಾತ್ರ ನನಗೆ ಬರೆಯಲೇಬೇಡಿ.

ಪೆಟ್ರೋಲ್ ಟ್ಯಾಂಕ್ ತೂತಾಗಿದೆ. ಖಾಲಿ ಮಾಡಿ, ತೊಳೆದು ಮನೆಯಲ್ಲೇ ವೆಲ್ಡ್ ಮಾಡಬಹುದಾ? (ಸೋಮವಾರಪೇಟೆ)

ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆ ಇರುವುದು ಬರೀ ಆವಿ. ಒಂದು ಸಲ ತೊಳೆದರೆ ಅದು ಹೋಗುವುದಿಲ್ಲ, ಸಂದಿಯಲ್ಲಿ ಕೂತಿರುತ್ತದೆ. ಹೊಸ ಟ್ಯಾಂಕ್ ತನ್ನಿ.